ಅಳಿಯನ ಬೆನ್ನಿಗೆ ನಾನೇ ಹೊರಿಸಿದ ಚೀಲ

ಎರಡು ವರ್ಷದ ಹಿಂದಿನ ನಾಗರ ಪಂಚಮಿ. ಆಗ ನನಗೆ ಅರವತ್ತೊಂಬತ್ತು ವಯಸ್ಸು. ನಮ್ಮದು ಅಮೀನಗಡಕ್ಕೆ ಹತ್ತಿರದ ಒಂದು ಹಳ್ಳಿ. ಎಸ್ಸೆಸ್ಸೆಲ್ಸಿ ಪಾಸು ಮಾಡಿ ಬಸ್ ಕಂಡಕ್ಟರ್ ಕೆಲಸಕ್ಕೆ ಸೇರಿದವನು, ಹುನಗುಂದ, ಇಳಕಲ್, ಬಾದಾಮಿ, ಬಾಗಲಕೋಟೆ ಎಂದು ಇವೇ ರಸ್ತೆಗಳಲ್ಲಿ ತಿರುಗಿ ನಿವೃತ್ತನಾದೆ. ಊರಲ್ಲಿ ಈಗಲೂ ನನ್ನನ್ನು ಕಂಡಕ್ಟರ್ ಕಾಕಾ ಎಂದೇ ಕರೆಯುತ್ತಾರೆ.

ಆ ಕೆಲಸದಲ್ಲಿ ನಾನು ಮುಖ್ಯವಾಗಿ ಕಲಿತದ್ದು ಮಾತು. ಬಸ್ಸಿನಲ್ಲಿ ಕುಳಿತವರೆಲ್ಲ ಏನಾದರೊಂದು ಅಭಿಪ್ರಾಯ ಹೇಳಿಯೇ ಇಳಿಯುತ್ತಾರೆ. ಅವನ್ನೆಲ್ಲ ಕೇಳಿ ಕೇಳಿ, ನಿವೃತ್ತಿಯಾದ ಮೇಲೆ ನಮ್ಮೂರ ಅರಳಿಕಟ್ಟೆಯ ಮೇಲೆ ಕುಳಿತು ನನ್ನವೇ ಎಂಬಂತೆ ಹೇಳುತ್ತಿದ್ದೆ. ಯಾವ ಪಕ್ಷ ಗೆಲ್ಲುತ್ತದೆ, ಯಾವ ಬ್ಯಾಂಕಿನಲ್ಲಿ ಹಣ ಇಡಬಾರದು, ಕ್ರಿಕೆಟ್ ತಂಡದಿಂದ ಯಾರನ್ನು ತೆಗೆಯಬೇಕು, ಸೊಸೆಯನ್ನು ಹೇಗೆ ಇಟ್ಟುಕೊಳ್ಳಬೇಕು, ಎಲ್ಲದಕ್ಕೂ ನನ್ನ ಬಳಿ ಉತ್ತರವಿತ್ತು. ನನಗೆ ಸೊಸೆಯೇ ಇಲ್ಲ. ಇರುವವಳು ಒಬ್ಬಳೇ ಮಗಳು, ಶಿವಲೀಲಾ. ಎದುರಿನವರು ಒಪ್ಪದಿದ್ದರೆ "ಕಟ್ಟು ಪಂದ್ಯ" ಎನ್ನುತ್ತಿದ್ದೆ. ಹಾಗೆಂದ ಕೂಡಲೇ ಬಹಳ ಜನ ಸುಮ್ಮನಾಗುತ್ತಿದ್ದರು. ಅದನ್ನೇ ನಾನು ಗೆಲುವು ಎಂದುಕೊಳ್ಳುತ್ತಿದ್ದೆ.

ಶಿವಲೀಲಾಳನ್ನು ಇಳಕಲ್ಲಿಗೆ ಕೊಟ್ಟಿದ್ದೇವೆ. ಅಳಿಯ ಮಹಾಂತೇಶ ಸೀರೆ ನೇಯುತ್ತಾನೆ. ಮನೆಯಲ್ಲೇ ಕುಣಿ ಮಗ್ಗ ಇದೆ, ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ನೇಯುವಂಥದ್ದು. ಮಾತು ಕಡಿಮೆ, ಆದರೆ ಆಡಿದರೆ ಎದುರಿನವರ ಬಾಯಿ ಮುಚ್ಚಿಸುವಂತೆ ಆಡುತ್ತಾನೆ. ಮದುವೆಗೆ ಮುಂಚೆ ತನ್ನ ಓಣಿಯಲ್ಲಿ ಪಂಚಮಿಯ ಪಂದ್ಯಗಳಲ್ಲಿ ಹೆಸರು ಮಾಡಿದ್ದವನು.

ಪಂಚಮಿಯ ಪಂದ್ಯಗಳು ನಮ್ಮ ಕಡೆಯ ಓದುಗರಿಗೆ ಗೊತ್ತು. ಹೆಣ್ಣುಮಕ್ಕಳು ತವರಿಗೆ ಬಂದು ಜೋಕಾಲಿ ಆಡುತ್ತಾರೆ, ಎಳ್ಳು, ಶೇಂಗಾದ ಉಂಡಿ ಕಟ್ಟುತ್ತಾರೆ. ಗಂಡಸರು ಪಂದ್ಯ ಕಟ್ಟುತ್ತಾರೆ. ಇಷ್ಟೇ ಎಸೆತದಲ್ಲಿ ಲಿಂಬೆಹಣ್ಣು ಆ ಹೊಲ ಮುಟ್ಟಬೇಕು, ಕಣ್ಣು ಕಟ್ಟಿಕೊಂಡು ಕೆರೆಯ ತನಕ ನಡೆಯಬೇಕು, ತುಂಬಿದ ಚೀಲ ಹೊತ್ತು ಗುಡಿ ಮುಟ್ಟಿಸಬೇಕು. ಯಾರಾದರೂ ಸವಾಲು ಹಾಕಿದರೆ ಅಂದು ಇಲ್ಲ ಎನ್ನುವುದು ಅವಮಾನ. ಅದರಲ್ಲೂ ಬೀಗರ ಊರಿಗೆ ಬಂದ ಅಳಿಯ ಇಲ್ಲ ಎಂದರೆ ವರ್ಷವಿಡೀ ಅದನ್ನೇ ಆಡಿಕೊಳ್ಳುತ್ತಾರೆ.

ಹಬ್ಬದ ಬೆಳಗ್ಗೆ ಮಗಳು ನನ್ನನ್ನು ಹಿತ್ತಲಿಗೆ ಕರೆದಳು. ಕೈಗೆ ಉಂಡಿಯ ಬೆಲ್ಲ ಅಂಟಿತ್ತು.

"ಅಪ್ಪಾ, ನಿನಗಷ್ಟ ಹೇಳ್ತೇನಿ, ಅವ್ವಗ ಸೈತ ಹೇಳಬ್ಯಾಡ. ಹೋದ ತಿಂಗಳ ಇವರಿಗೆ ಎದಿ ಹಿಡದಂಗ ಆಗಿತ್ತು. ಡಾಕ್ಟರ್ ಗುಳಿಗಿ ಕೊಟ್ಟಾರ. ಹಬ್ಬ ಮುಗದ ಮ್ಯಾಲೆ ದೊಡ್ಡ ದವಾಖಾನ್ಯಾಗ ತೋರಸ್ರಿ, ಅಲ್ಲೀ ತನಕ ಭಾರ ಎತ್ತಬ್ಯಾಡ್ರಿ ಅಂದಾರ. ಯಾರಿಗೂ ಹೇಳಬ್ಯಾಡಂತ ನನಗ ಆಣಿ ಹಾಕ್ಯಾರ. ನಿನಗ ಹೇಳಿದ್ದು ಅವರಿಗೆ ಗೊತ್ತಿಲ್ಲ. ಕಟ್ಟಿ ಮ್ಯಾಲೆ ಯಾರರೆ ಪಂದ್ಯಕ್ಕ ಕರದ್ರ ನೀ ತಪ್ಪಸು."

"ನಾ ಅಲ್ಲೇ ಇರ್ತೇನಲ್ಲ. ಚಿಂತಿ ಮಾಡಬ್ಯಾಡ ತಂಗಿ" ಎಂದೆ. ಮಗಳನ್ನು ನಾನು ಪ್ರೀತಿಯಿಂದ ಕರೆಯುವುದೇ ತಂಗಿ ಎಂದು.

ಮಧ್ಯಾಹ್ನ ಊಟ ಮುಗಿಸಿ ಮಾವ ಅಳಿಯ ಇಬ್ಬರೂ ಕಟ್ಟೆಗೆ ಹೋದೆವು. ಅಲ್ಲಿ ಲಿಂಬೆಹಣ್ಣಿನ ಪಂದ್ಯ ಮುಗಿದು ಜನ ಗುಂಪಾಗಿ ಕುಳಿತಿದ್ದರು. ಪಂದ್ಯಕ್ಕೆಂದು ಜೋಳ ತುಂಬಿದ ಒಂದು ಚೀಲವನ್ನು ಕಟ್ಟೆಗೆ ಆನಿಸಿ ಇಟ್ಟಿದ್ದರು. ಎಂದಿನಂತೆ ನಾನು ಮಾತು ತೆಗೆದೆ. ನಾನಿದ್ದ ಇಲಾಖೆಯ ವಿಷಯವಾದ್ದರಿಂದ ಅಂದು ಸ್ವಲ್ಪ ಜೋರಾಗಿಯೇ ಇದ್ದೆ.

"ಹೆಣ್ಣಮಕ್ಕಳಿಗೆ ಬಸ್ ಪುಕ್ಕಟೆ ಮಾಡಿದ ದಿನಾನ ಈ ರಾಜ್ಯ ಮುಳುಗಿತು ನೋಡ್ರಿ. ಕಂಡಕ್ಟರಗ ಕಿಮ್ಮತ್ತ ಉಳಿಲಿಲ್ಲ" ಎಂದೆ.

ಮಹಾಂತೇಶ ನೆಲ ನೋಡುತ್ತಲೇ ಹೇಳಿದ: "ಮಾವಾರ, ನಿಮ್ಮ ಮಗಳು ಅದ ಪುಕ್ಕಟೆ ಬಸ್ಸಿನ್ಯಾಗ ಬಂದು ನಿಮಗ ಉಂಡಿ ಕಟ್ಯಾಳ. ಮುಂಜಾನೆ ನಾಕ ಉಂಡಿ ತಿಂದ್ರಿ. ಆವಾಗ ರಾಜ್ಯ ತೇಲತಿತ್ತೇನ್ರಿ?"

ಕಟ್ಟೆಗೆ ಕಟ್ಟೆಯೇ ನಕ್ಕಿತು. ನನ್ನ ವಾರಿಗೆಯ ಬೀರಪ್ಪ, ಕುರಿ ಸಾಕಿಕೊಂಡಿರುವ ಗೆಳೆಯ, ತೊಡೆ ತಟ್ಟಿಕೊಂಡು ನಕ್ಕು, "ಲೇ ಕಂಡಕ್ಟರಾ, ಇವತ್ತ ನಿನಗ ಟಿಕೀಟ ಹರದ್ರಲೇ" ಎಂದ. ಎಲ್ಲರೂ ಮತ್ತೆ ನಕ್ಕರು.

ಅಳಿಯನ ಮುಂದೆ, ಊರವರ ಮುಂದೆ ನಗೆಪಾಟಲಾದದ್ದು ನನಗೆ ಸಹಿಸಲಾಗಲಿಲ್ಲ.

"ಮಗ್ಗದ ಕುಣ್ಯಾಗ ಕುಂತವರಿಗೆ ಬಾಯಿ ಒಂದ ಗಟ್ಟಿ ಇರತೈತಿ, ಬೆನ್ನು ಮೆತ್ತಗ ಆಗಿರತೈತಿ" ಎಂದೆ. "ಖರೇನ ತಾಕತ್ತಿದ್ರ ಆ ಚೀಲ ಹೊತ್ತು ಹಣಮಪ್ಪನ ಗುಡಿ ಮುಟ್ಟಸ್ರಿ ಅಳಿಯಾರ, ನೋಡೂಣು."

ಈ ಮಾತು ಆಡುವ ಮೊದಲೇ ಮಗಳು ಹೇಳಿದ್ದು ನನಗೆ ನೆನಪಾಗಿತ್ತು. ಇದನ್ನು ಬರೆಯಲು ಎರಡು ವರ್ಷ ಬೇಕಾಯಿತು. ನೆನಪಾಗಿತ್ತು, ಆದರೂ ಆಡಿದೆ.

ಮಹಾಂತೇಶ ನಕ್ಕು, "ಇವತ್ತ ಬ್ಯಾಡ್ರಿ ಮಾವಾರ, ಹೊಟ್ಟಿ ಭಾಳ ತುಂಬೇತಿ" ಎಂದ. ನಾನು ಅಲ್ಲಿಗೇ ಬಿಡಬಹುದಿತ್ತು. ಅಷ್ಟರಲ್ಲಿ ಯಾರೋ, "ಪಂದ್ಯಕ್ಕ ಏನ ಇಡ್ತಿ ಕಾಕಾ?" ಎಂದರು. "ಅವರು ಗೆದ್ರ ಮುಂದಿನ ಪಂಚಮಿ ತನಕ ಈ ಕಟ್ಟಿ ಮ್ಯಾಲೆ ನಾ ರಾಜಕೀಯ ಮಾತಾಡೂದಿಲ್ಲ" ಎಂದುಬಿಟ್ಟೆ.

ಇದನ್ನು ಕೇಳಿ ಕುಳಿತವರೆಲ್ಲ ಎದ್ದು ನಿಂತರು. "ಎತ್ತರಿ ಅಳಿಯಾರ, ಊರಿಗೆ ಉಪಕಾರ ಆಗತೈತಿ" ಎಂದ ಬೀರಪ್ಪ. "ಒಂದ ವರ್ಷ ಆರಾಮ ನಿದ್ದಿ ಮಾಡ್ತೇವ್ರಿ" ಎಂದರು ಇನ್ನೊಬ್ಬರು. ಎಲ್ಲರೂ ತಮಾಷೆಗೇ ಅನ್ನುತ್ತಿದ್ದರು. ಮಹಾಂತೇಶ ಒಂದು ಸಲ ನನ್ನ ಮುಖ ನೋಡಿದ. ಕಾರಣ ಹೇಳುವಂತಿಲ್ಲ, ಇಲ್ಲ ಎನ್ನುವಂತಿಲ್ಲ. ನನಗೆ ಗೊತ್ತಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ನಾನು ಮುಖ ತಿರುಗಿಸಿದೆ. ಅವನು ಅಂಗಿ ಬಿಚ್ಚಿ ಕಟ್ಟೆಯ ಮೇಲೆ ಇಟ್ಟ.

ಇಬ್ಬರು ಎತ್ತಿ ಚೀಲವನ್ನು ಅವನ ಬೆನ್ನಿಗೆ ಏರಿಸಿದರು. ಗುಡಿ ದೂರವೇನಿಲ್ಲ, ಕಟ್ಟೆಯಿಂದ ಕಾಣುತ್ತದೆ. ನಾನು ಅವನ ಪಕ್ಕದಲ್ಲೇ ನಡೆದೆ. ಮೊದಲು ಚೆನ್ನಾಗಿಯೇ ನಡೆದ. ಹಿಟ್ಟಿನ ಗಿರಣಿ ದಾಟುವ ಹೊತ್ತಿಗೆ ಅವನ ಉಸಿರು ನನಗೆ ಕೇಳಿಸತೊಡಗಿತು. ಕುತ್ತಿಗೆಯ ನರ ಉಬ್ಬಿದ್ದವು, ಮುಖ ಮಾತ್ರ ಕೆಂಪಗಾಗುವ ಬದಲು ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. "ಸಾಕ್ರಿ, ನಾ ಸೋತೆ, ಇಳಸ್ರಿ" ಎನ್ನಬೇಕು ಎಂದುಕೊಂಡೆ. ಸುತ್ತ ಹುಡುಗರು ಸಿಳ್ಳೆ ಹಾಕುತ್ತಿದ್ದರು, ಬೀರಪ್ಪ "ಹೌದ ಹುಲಿಯಾ" ಎನ್ನುತ್ತಿದ್ದ. ಈಗ ನಿಲ್ಲಿಸಿದರೆ ಯಾಕೆ ಎಂದು ಕೇಳುತ್ತಾರೆ. ಇನ್ನು ಸ್ವಲ್ಪವೇ ಇದೆ, ಮುಟ್ಟಿಬಿಡುತ್ತಾನೆ ಎಂದುಕೊಂಡೆ. ಒಬ್ಬ ಮನುಷ್ಯನ ಜೀವದ ಮೇಲೆ ನಾನು ಕಟ್ಟಿದ ನಿಜವಾದ ಪಂದ್ಯ ಅದು.

ಅವನು ಮುಟ್ಟಿಸಿದ. ಗುಡಿಯ ಮೆಟ್ಟಿಲ ಮೇಲೆ ಚೀಲ ಇಳಿಸಿ ತಿರುಗಿ ನಿಂತು ನಗಲು ನೋಡಿದ. ಜನ ಕೇಕೆ ಹಾಕಿದರು. "ಬಾಯಿ ಬಂದ್ ಕಾಕಾ" ಎಂದು ಯಾರೋ ನನ್ನ ಬೆನ್ನಿಗೆ ಗುದ್ದಿದರು. ಮಹಾಂತೇಶ ಎಡಗೈಯನ್ನು ಎದೆಗೆ ಒತ್ತಿಕೊಂಡು ಚೀಲದ ಪಕ್ಕದಲ್ಲೇ ಕುಸಿದು ಕುಳಿತ. ಮೈಯಿಂದ ಬೆವರು ನೀರಿನಂತೆ ಇಳಿಯುತ್ತಿತ್ತು. ಎಲ್ಲರೂ ಆಯಾಸ ಎಂದುಕೊಂಡರು, ಗಾಳಿ ಹಾಕಿದರು, ಸಕ್ಕರೆ ನೀರು ತಂದರು. ಅದು ಆಯಾಸವಲ್ಲ ಎಂದು ಅಷ್ಟು ಜನರಲ್ಲಿ ತಿಳಿದವನು ನಾನೊಬ್ಬನೇ. "ಗಾಡಿ ತರ್ರಿ, ದವಾಖಾನಿಗೆ ಒಯ್ಯೂಣು" ಎಂದೆ. "ಇಷ್ಟಕ್ಕ ಯಾಕ ಗಾಬರಿ ಆಗ್ತಿ?" ಎಂದ ಬೀರಪ್ಪ. ಆದರೂ ಪಕ್ಕದ ಮನೆಯ ಮೂರು ಗಾಲಿಯ ಟಂಟಂ ಗಾಡಿ ತರಿಸಿ, ತಾನೂ ನಮ್ಮ ಜೊತೆ ಹತ್ತಿದ.

ಅಮೀನಗಡದಲ್ಲಿ ಹಬ್ಬದ ದಿನವೂ ಒಬ್ಬ ಡಾಕ್ಟರ್ ದವಾಖಾನೆ ತೆರೆದಿದ್ದರು. ಮಹಾಂತೇಶನನ್ನು ಮಲಗಿಸಿದೆವು. ಅವನು ಕಣ್ಣು ಮುಚ್ಚಿ ನರಳುತ್ತಿದ್ದ, ಮಾತಾಡುವ ಸ್ಥಿತಿಯಲ್ಲಿ ಇರಲಿಲ್ಲ. ಡಾಕ್ಟರ್ ನಾಡಿ ಹಿಡಿದು, "ಏನ ಆತ್ರಿ?" ಎಂದರು. ಬೀರಪ್ಪ ಪಂದ್ಯದ ಕಥೆ ಹೇಳಿದ. ಡಾಕ್ಟರ್ ನನ್ನ ಕಡೆ ತಿರುಗಿ, "ಇವರಿಗೆ ಮೊದಲ ಏನರೆ ಎದಿ ತ್ರಾಸ ಇತ್ತೇನ್ರಿ?" ಎಂದು ಕೇಳಿದರು.

ನಾನು ಬೀರಪ್ಪನ ಮುಖ ನೋಡಿದೆ. ಇವನ ಮುಂದೆ ಹೌದು ಎಂದರೆ, ಗೊತ್ತಿದ್ದೂ ಹೊರಿಸಿದೆ ಎಂದು ಸಂಜೆಯೊಳಗೆ ಊರಿಗೆಲ್ಲ ತಿಳಿಯುತ್ತದೆ. "ಬೀರಪ್ಪಾ, ಹೊರಗ ಹೋಗಿ ಒಂದ ಬಾಟ್ಲಿ ನೀರ ತಗೊಂಬಾ" ಎಂದೆ. ಅವನು ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಕಿಸೆ ಮುಟ್ಟಿ ನೋಡಿಕೊಂಡು, ಬಾಗಿಲು ದಾಟಿ ಹೋಗುವ ತನಕ ನಾನು ಬಾಯಿ ಬಿಡಲಿಲ್ಲ. ಮಂಚದ ಮೇಲೆ ನನ್ನ ಮಗಳ ಗಂಡ ಉಸಿರಿಗಾಗಿ ಒದ್ದಾಡುತ್ತಿದ್ದ. ನಾನು ಗೆಳೆಯನ ಬೆನ್ನು ಮರೆಯಾಗುವುದನ್ನು ಕಾಯುತ್ತ ನಿಂತಿದ್ದೆ. ಈಗಲೂ ಕಣ್ಣು ಮುಚ್ಚಿದರೆ ಬೀರಪ್ಪ ಆ ಚಪ್ಪಲಿ ಹುಡುಕುವುದು ಕಾಣುತ್ತದೆ.

ಆಮೇಲೆ ಮೆಲ್ಲಗೆ ಹೇಳಿದೆ. ಡಾಕ್ಟರ್, "ಇದನ್ನ ಬಂದ ಕೂಡಲೇ ಹೇಳೂದಲ್ರಿ ಯಜಮಾನ್ರ" ಎಂದವರೇ ಗುಳಿಗೆ ಅಗಿಯಲು ಕೊಟ್ಟು, ಸೂಜಿ ಚುಚ್ಚಿ, ಆ್ಯಂಬುಲೆನ್ಸಿಗೆ ಫೋನ್ ಮಾಡಿದರು.

ಅಮೀನಗಡದಿಂದ ಬಾಗಲಕೋಟೆಗೆ ನಾನು ಲೆಕ್ಕವಿಲ್ಲದಷ್ಟು ಸಲ ಹೋದವನು. ಆ ರಸ್ತೆ ಅಷ್ಟು ಉದ್ದ ಎಂದು ಅವತ್ತು ತಿಳಿಯಿತು. ಕಿಟಕಿಯಾಚೆ ಊರೂರಿನ ಬೇವಿನ ಮರಗಳಲ್ಲಿ ಹೆಣ್ಣುಮಕ್ಕಳು ಜೋಕಾಲಿ ಆಡುತ್ತಿದ್ದರು. ಆ್ಯಂಬುಲೆನ್ಸ್ ಸದ್ದಿಗೆ ಜೋಕಾಲಿ ನಿಲ್ಲಿಸಿ ನೋಡುತ್ತಿದ್ದರು. ನನ್ನ ಮಗಳೂ ಆ ಹೊತ್ತಿಗೆ ಜೋಕಾಲಿ ಮೇಲೆ ಇರಬಹುದು ಎನಿಸಿ ಕಣ್ಣು ಮುಚ್ಚಿಕೊಂಡೆ. ಮಹಾಂತೇಶನ ಕೈ ಹಿಡಿದಿದ್ದೆ. ಅದು ಒದ್ದೆ ಬಟ್ಟೆಯಂತೆ ತಣ್ಣಗಿತ್ತು. ಅದು ಸ್ವಲ್ಪ ಅಲುಗದಿದ್ದರೂ ನಾಡಿ ಹುಡುಕುತ್ತಿದ್ದೆ.

ದಾರಿಯಲ್ಲಿ ಅವನು ಕಣ್ಣು ತೆರೆದ. "ಮಾವಾರ" ಎಂದ. ಬಾಗಿ ಕಿವಿ ಕೊಟ್ಟೆ. "ತಪ್ಪ ನಂದರಿ. ಎದಿ ತ್ರಾಸ ಐತಿ ಅಂತ ನಿಮಗ ಹೇಳಬೇಕಿತ್ತು. ನಿಮಗೇನ ಗೊತ್ತಿತ್ತು ಪಾಪ. ಆಕಿ ನಿಮ್ಮ ಮ್ಯಾಲೆ ಸಿಟ್ಟ ಮಾಡಿದ್ರ ಮನಸಿಗೆ ಹಚ್ಕೋಬ್ಯಾಡ್ರಿ."

ನಾನು "ಮಾತಾಡಬ್ಯಾಡ್ರಿ" ಎಂದೆ. ಅವನ ಉಸಿರಿನ ಕಾಳಜಿಯಿಂದ ಹಾಗೆ ಅಂದೆನೋ, ಮುಂದೆ ಕೇಳಲಾಗದೆ ಅಂದೆನೋ, ನನಗೇ ತಿಳಿಯದು.

ಬಾಗಲಕೋಟೆಯ ದೊಡ್ಡ ಆಸ್ಪತ್ರೆಯಲ್ಲಿ ಅವನನ್ನು ಒಳಗೆ ಕರೆದೊಯ್ದರು. ರಕ್ತನಾಳ ಮುಚ್ಚಿದೆ, ಕೂಡಲೇ ತೆರೆಯಬೇಕು ಎಂದರು. ಅಮೀನಗಡದಿಂದಲೇ ಊರಿಗೆ ಮರಳಿದ್ದ ಬೀರಪ್ಪ ನಡೆದದ್ದನ್ನು ಮನೆಗೆ ತಿಳಿಸಿದ್ದ; ನನ್ನ ಹೆಂಡತಿ, ಮಗಳು ಬಾಡಿಗೆ ಕಾರಿನಲ್ಲಿ ಬಂದರು. ಶಿವಲೀಲಾ ಅಳುತ್ತಿರಲಿಲ್ಲ. ಕೈಗೆ ಹಬ್ಬದ ಮದರಂಗಿ ಹಾಗೇ ಇತ್ತು. ನೇರ ನನ್ನ ಮುಂದೆ ಬಂದು ನಿಂತಳು.

"ಅಪ್ಪಾ, ಮುಂಜಾನೆ ನಿನಗ ಹೇಳಿದ್ನಲ್ಲ. ನೆನಪ ಆಗಲಿಲ್ಲೇನು?"

ಒಳಗೆ ಅವನು ಬದುಕುತ್ತಾನೋ ಇಲ್ಲವೋ ಗೊತ್ತಿಲ್ಲ. ನಿಜ ಹೇಳಿದರೆ ಗಂಡನ ಜೊತೆ ತಂದೆಯನ್ನೂ ಅವಳು ಅವತ್ತೇ ಕಳೆದುಕೊಳ್ಳುತ್ತಾಳೆ ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ನಿಜವಾಗಿ ನನಗೆ ಅವಳ ಕಣ್ಣಿನ ಭಯ.

"ಮರ್ತೆ ತಂಗಿ. ವಯಸ್ಸಾತು, ಮರ್ತ ಬಿಟ್ಟೆ" ಎಂದೆ.

ಅವಳು ಬೈಯುತ್ತಾಳೆ ಎಂದುಕೊಂಡೆ. ಪಕ್ಕದಲ್ಲಿ ಕುಳಿತು ನನ್ನ ತಲೆಯನ್ನು ತನ್ನ ಭುಜಕ್ಕೆ ಆನಿಸಿಕೊಂಡು, "ಹೋಗ್ಲಿ ಬಿಡಪ್ಪಾ, ನಿನ್ನ ಕೈಯಾಗ ಏನೈತಿ" ಎಂದಳು. ಆಗ ಅತ್ತಳು.

ಮಹಾಂತೇಶ ಉಳಿದ. ನಾಳದಲ್ಲಿ ಸ್ಟೆಂಟ್ ಹಾಕಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಅಲ್ಲಿನ ಡಾಕ್ಟರ್ ಹೇಳಿದರು. ಈಗ ಅವನು ಮಗ್ಗಕ್ಕೆ ಕೂರುತ್ತಾನೆ, ಮೊದಲಿನಷ್ಟು ಹೊತ್ತಲ್ಲ. ಮೊದಲು ತಾನೇ ನೇಯುತ್ತಿದ್ದ ಸೀರೆಯ ಅರ್ಧ ಕೆಲಸ ಮಗಳು ಮಾಡುತ್ತಾಳೆ. ನಡೆದದ್ದನ್ನು ಅವಳು ಅವನಿಗೂ ಹೇಳಿದ್ದಾಳೆ: ಅಪ್ಪನಿಗೆ ಹೇಳಿದ್ದೆ, ಪಾಪ ಮರೆತುಬಿಟ್ಟ ಎಂದು. ಅವನು ನನ್ನೊಂದಿಗೆ ಮೊದಲಿಗಿಂತ ಮೆತ್ತಗೆ ಮಾತಾಡುತ್ತಾನೆ.

ಕಟ್ಟೆಯ ಮೇಲೆ ನಾನೀಗ ರಾಜಕೀಯ ಮಾತಾಡುವುದಿಲ್ಲ. ಒಂದು ವರ್ಷದ ಅವಧಿ ಮುಗಿದು ಎಷ್ಟೋ ಕಾಲವಾಯಿತು. ಬೀರಪ್ಪ ಮಾತ್ರ, "ಮಾತಿಗೆ ನಿಂತಾವ ನೋಡ ನಮ್ಮ ಕಂಡಕ್ಟರ್" ಎಂದು ಹೊಗಳುತ್ತಾನೆ.

ಹೋದ ವರ್ಷ ಶಿವಲೀಲಾ ನನ್ನನ್ನು ಇಳಕಲ್ಲಿನಲ್ಲಿ ನೆನಪಿನ ತಪಾಸಣೆಗೆ ಕರೆದೊಯ್ದಳು. ಡಾಕ್ಟರ್ ಮೂರು ಪದ ಹೇಳಿ, "ಅಜ್ಜಾರ, ಇವನ್ನ ಆಮೇಲೆ ಕೇಳ್ತೇನಿ" ಎಂದರು. ಹಸು, ಕುರ್ಚಿ, ಬಾಳೆಹಣ್ಣು. ಸ್ವಲ್ಪ ಹೊತ್ತಿನ ಬಳಿಕ ಕೇಳಿದಾಗ ಮಗಳು ಪಕ್ಕದಲ್ಲೇ ನನ್ನ ಬಾಯಿ ನೋಡುತ್ತ ಕುಳಿತಿದ್ದಳು. ಮೂರೂ ಸರಿ ಹೇಳಿದರೆ ಏನಾಗುತ್ತದೆ ಎಂದು ಹೆದರಿ, "ಹಸು, ಕುರ್ಚಿ. ಇನ್ನೊಂದ ಬರವಲ್ದರಿ" ಎಂದೆ. ಅವಳ ಕಣ್ಣು ತುಂಬಿತು. ಡಾಕ್ಟರ್ ಬರೆದುಕೊಟ್ಟ ಗುಳಿಗೆಯನ್ನು ಅಂದಿನಿಂದ ನುಂಗುತ್ತಿದ್ದೇನೆ. ದಿನಾ ಬೆಳಗ್ಗೆ ಮಗ್ಗಕ್ಕೆ ಕೂರುವ ಮೊದಲು ಅವಳು ಫೋನ್ ಮಾಡಿ, "ಅಪ್ಪಾ, ಗುಳಿಗಿ ತಗೊಂಡೇನು? ಮರೀಬ್ಯಾಡ" ಎನ್ನುತ್ತಾಳೆ.

ನಾನು ಏನನ್ನೂ ಮರೆತಿರಲಿಲ್ಲ ತಂಗಿ. ಪತ್ರಿಕೆಯಲ್ಲಿ ಅಚ್ಚಾಗುವ ಮೊದಲು ಇದನ್ನು ನಿನಗೇ ಓದಿ ಹೇಳಲು ಈ ಭಾನುವಾರ ಇಳಕಲ್ಲಿಗೆ ಬರುತ್ತಿದ್ದೇನೆ. ಅಳಿಯನನ್ನೂ ಕೂರಿಸಿಕೋ. ಬೈದರೆ ಬೈಯಿರಿ, ಹೊಸ್ತಿಲು ತುಳಿಯಬೇಡ ಎಂದರೂ ಕೇಳುತ್ತೇನೆ. ನನಗಿರುವ ಭಯ ಒಂದೇ. ಸೋಮವಾರ ಬೆಳಗ್ಗೆ ಫೋನ್ ಮುಂದೆ ಇಟ್ಟುಕೊಂಡು ಕುಳಿತಿರುತ್ತೇನೆ. ಅದು ರಿಂಗಾಗದೇ ಹೋಗಬಹುದು.