ನೋಟ್ಸ್‌ನಲ್ಲಿ ಇಲ್ಲದ ಉತ್ತರ

ನಿವೃತ್ತಿಗೆ ಮೂರು ವರ್ಷ ಬಾಕಿಯಿದ್ದಾಗ ನಾನು ದೇವನಹಳ್ಳಿ ಹತ್ತಿರದ ವಿಜಯಪುರದ ಒಂದು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕನಾಗಿದ್ದೆ. ಅಂತಿಮ ವರ್ಷದವರಿಗೆ ಹತ್ತೊಂಬತ್ತನೇ ಶತಮಾನದ ಒಬ್ಬ ಜರ್ಮನ್ ಲೇಖಕ, ವಿಮರ್ಶಕನ ಬದುಕು ಬರಹದ ಪಾಠವಿತ್ತು. ಆತನ ಹೆಸರನ್ನು ಇಲ್ಲಿ ಬರೆಯಲು ನನಗೆ ನಾಚಿಕೆ. ಇಪ್ಪತ್ತಾರು ವರ್ಷ ಆತನ ಬಗ್ಗೆ ಪಾಠ ಮಾಡಿದರೂ ಆತನದೊಂದು ಪುಟವನ್ನೂ ನಾನು ಓದಿರಲಿಲ್ಲ. ನನ್ನ ಮೇಷ್ಟ್ರು ಬರೆಸಿದ್ದ ನೋಟ್ಸನ್ನೇ ನಾನೂ ಬರೆಸುತ್ತಿದ್ದೆ: ಪತ್ರಿಕೆ ನಡೆಸಿ ಜೈಲು ಕಂಡವನು, ಕಾದಂಬರಿಗಳನ್ನು ನಿರ್ದಾಕ್ಷಿಣ್ಯವಾಗಿ ಜಾಡಿಸಿದವನು, ಒಮ್ಮೆ ಕೊಟ್ಟ ತೀರ್ಪನ್ನು ಸಾಯುವತನಕ ಬದಲಿಸದವನು.

ಇಂಟರ್ನಲ್ ಟೆಸ್ಟಿನಲ್ಲಿ, ರೇಷ್ಮೆ ಹುರಿ ಮಾಡುವವರ ಮನೆಯ ನಸ್ರೀನ್ ಇದಕ್ಕೆ ತದ್ವಿರುದ್ಧ ಬರೆದಿದ್ದಳು. ತಾನು ಹಿಂದೆ ಹಳಿದಿದ್ದ ಕಾದಂಬರಿಗಾರ್ತಿಯೊಬ್ಬಳನ್ನು ಆತ ಮುಪ್ಪಿನಲ್ಲಿ ಮತ್ತೆ ಓದಿ, ತಪ್ಪು ತನ್ನದೇ ಎಂದು ಅಚ್ಚಿನಲ್ಲೇ ಒಪ್ಪಿಕೊಂಡ, ಎಂದು. ಇಪ್ಪತ್ತಕ್ಕೆ ಆರು ಕೊಟ್ಟೆ. ಎಂ.ಎ. ಸೀಟಿಗೆ ಒಂದೊಂದು ಅಂಕವೂ ಮುಖ್ಯ. ಮಾರನೆಯ ದಿನ ಅವಳು ಸ್ಟಾಫ್ ರೂಮಿಗೆ ಬಂದಳು.

“ಸಾರ್, ನಾನು ಬರ್ದಿದ್ರಲ್ಲಿ ತಪ್ಪೇನಿದೆ ಹೇಳಿ ಸಾರ್.”

“ನೋಟ್ಸ್‌ನಲ್ಲಿ ಇದ್ಯೇನಮ್ಮ ಅದು?”

“ಇಲ್ಲ ಸಾರ್. ಅವರ ಪುಸ್ತಕದಲ್ಲೇ ಇದೆ. ಇಂಗ್ಲಿಷ್ ಅನುವಾದ ಫೋನಲ್ಲಿ ಸಿಕ್ತು, ತೋರಿಸ್ಲಾ?”

“ಫೋನಲ್ಲಿ ಬಂದಿದ್ದೆಲ್ಲ ವೇದವಾಕ್ಯನಾ? ಹೋಗಮ್ಮ” ಅಂದೆ. ಸಹೋದ್ಯೋಗಿಗಳು ನಕ್ಕರು, ನಾನೂ ನಕ್ಕೆ.

ಆ ಸಂಜೆ ಪುಸ್ತಕ ಹುಡುಕಿ ಓದಿದೆ. ಹುಡುಗಿ ಬರೆದದ್ದು ಅಕ್ಷರಶಃ ನಿಜ. ಅಂಕಪಟ್ಟಿ ಇನ್ನೂ ನನ್ನ ಬಳಿಯೇ ಇತ್ತು, ತಿದ್ದಲು ಎರಡು ದಿನ ಸಮಯವೂ ಇತ್ತು. ಆದರೆ ತಿದ್ದಿದರೆ, ನಕ್ಕವರ ಮುಂದೆ ಮುಖ ಎತ್ತುವುದು ಹೇಗೆ? ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದು. ಆ ಜರ್ಮನ್ ಮುದುಕ ಊರಿಗೆಲ್ಲ ಕಾಣುವಂತೆ ಮಾಡಿದ್ದನ್ನು ಒಂದು ಹಾಳೆಯ ಮೇಲೆ ಮಾಡುವಷ್ಟು ಧೈರ್ಯವೂ ನನಗಿರಲಿಲ್ಲ. ಹಾಗೆಯೇ ಸಹಿ ಹಾಕಿ ಕಳಿಸಿದೆ.

ನಸ್ರೀನ್‌ಗೆ ಎರಡು ಅಂಕದಲ್ಲಿ ಸೀಟು ತಪ್ಪಿತು. ದೇವನಹಳ್ಳಿಯ ಗೋದಾಮೊಂದರಲ್ಲಿ ಬಿಲ್ ಬರೆಯುವ ಕೆಲಸಕ್ಕೆ ಸೇರಿದಳೆಂದು ಕೇಳಿದೆ.

ಮರುವರ್ಷ ಸದ್ದಿಲ್ಲದೆ ನೋಟ್ಸ್ ತಿದ್ದಿಕೊಂಡೆ. ಅವಳ ಉತ್ತರದ ವಾಕ್ಯಗಳನ್ನೇ ನನ್ನವೆಂಬಂತೆ ತರಗತಿಗೆ ಬರೆಸಿದೆ. ಮುಂದಿನ ಬೆಂಚಿನಲ್ಲಿದ್ದ ಅವಳ ತಂಗಿ ಪೆನ್ನು ನಿಲ್ಲಿಸಿ ಕೇಳಿದಳು, “ಸಾರ್, ಇದು ನಮ್ಮ ಆಪಾ ಬರ್ದಿದ್ದಲ್ವಾ?”

“ಮಾತಾಡ್ಬೇಡ, ಬರ್ಕೋ” ಅಂದೆ. ಅವಳು ತಲೆ ತಗ್ಗಿಸಿ ಬರೆದುಕೊಂಡಳು.

ಗೊತ್ತಿಲ್ಲದೆ ತಪ್ಪು ಬರೆಸಿದ್ದನ್ನು ಯಾರಾದರೂ ಕ್ಷಮಿಸಿಯಾರು. ಗೊತ್ತಾದ ಮೇಲೂ ಉಳಿಸಿಕೊಂಡ ಆ ಆರು ಅಂಕಕ್ಕೆ ಕ್ಷಮೆಯಿಲ್ಲ. ಇಷ್ಟನ್ನು ಕಲಿಯಲು ಅಷ್ಟು ವರ್ಷ ಮೇಷ್ಟ್ರ ಸಂಬಳ ತೆಗೆದುಕೊಂಡೆ.