ಹಿದುಕಿದ ಬೇಳೆಯ ಪಾಠ

ಕಳೆದ ವರ್ಷ ಸಂಕ್ರಾಂತಿ ಮುಗಿದ ವಾರ ನಡೆದದ್ದು. ರೇಷ್ಮೆ, ಅವರೆ ಬೆಳೆಯುವ ನಮ್ಮ ಕಡೆಯ ವಿಜಯಪುರದ ಹತ್ತಿರದ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ನಾನು ಎಲ್‌ಕೆಜಿ ಮಕ್ಕಳಿಗೆ ಅತಿಥಿ ಶಿಕ್ಷಕಿ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಬೆಳಗ್ಗೆ ಡೇರಿಗೆ ಹಾಲು ಹಾಕಿ, ಬಸ್ಸಿನಲ್ಲಿ ನಿಂತುಕೊಂಡೇ ಓದಿದವಳು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ನಾಲ್ಕು ವರ್ಷದ ಮಕ್ಕಳ ಕೈಗೆ ಪೆನ್ಸಿಲ್ ಕೊಟ್ಟು ಎಬಿಸಿಡಿ ತಿದ್ದಿಸುವುದು ನನಗೆ ಇಷ್ಟವಿರಲಿಲ್ಲ. ಅವರ ಮನೆಯ ಕೆಲಸದಿಂದಲೇ ಪಾಠ ಶುರುವಾಗಬೇಕು ಎಂದು ನಾನೇ ಒಂದು ಪಠ್ಯಕ್ರಮ ಮಾಡಿಕೊಂಡಿದ್ದೆ. ರೇಷ್ಮೆಗೂಡು ಮುಟ್ಟಿ ನುಣುಪು, ಒರಟು ತಿಳಿಯುವುದು ಮುಗಿದಿತ್ತು. ಜನವರಿಗೆ ಅವರೆಕಾಳು.

ಹೆಡ್‌ಮಾಸ್ಟರ್ ನಕ್ಕರು. "ಏನಮ್ಮಾ, ಸಾರು ಮಾಡೋದು ಕಲಿಸ್ತೀಯಾ?"

"ಬೆರಳಿಗೆ ಶಕ್ತಿ ಬರುತ್ತೆ ಸಾರ್. ಆಮೇಲೆ ಪೆನ್ಸಿಲ್ ತಾನಾಗೇ ಹಿಡೀತಾರೆ."

"ಆಯ್ತು, ನಿನ್ನ ಜವಾಬ್ದಾರಿ."

ರಾತ್ರಿ ನೆನೆಹಾಕಿದ ಕಾಳನ್ನು ತಟ್ಟೆಗಳಲ್ಲಿ ಹಂಚಿದೆ. ಎರಡು ಬೆರಳಲ್ಲಿ ಹಿದುಕಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಚಂಗನೆ ಹಾರುತ್ತದೆ. "ಮಿಸ್, ನಂದು ಗೋಡೆಗೆ ಹೊಡೀತು!" "ಲೇ, ನಂದು ನಿನ್ನ ತಲೆ ಮೇಲೈತೆ ಕಣೋ!" ತರಗತಿ ಪೂರಾ ನಗು. ನಾನೂ ನಗುತ್ತಿದ್ದೆ.

ಆಗ ಒಬ್ಬ ಹುಡುಗ ನನ್ನ ಸೆರಗು ಎಳೆದ. "ಮಿಸ್, ಲಿಖಿತ ಮಾತೇ ಆಡ್ತಿಲ್ಲ."

ಲಿಖಿತ ಗೋಡೆಗೆ ಒರಗಿ ನಿಂತಿದ್ದಳು. ಬಾಯಿ ತೆರೆದಿತ್ತು, ಎರಡೂ ಕೈ ಕತ್ತಿನ ಮೇಲೆ. ಕೆಮ್ಮಿಲ್ಲ, ಅಳುವಿಲ್ಲ. ತುಟಿ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಕಾಳನ್ನು ಬಾಯಿಗೆ ಹಾಕಿಕೊಂಡುಬಿಟ್ಟಿದ್ದಳು.

ಅಡುಗೆಯ ಮುನಿಯಮ್ಮಕ್ಕ ಓಡಿಬಂದು, "ಅಯ್ಯೋ, ನೀರು ಕುಡ್ಸವ್ವಾ!" ಎಂದು ಲೋಟ ಹಿಡಿದರು.

"ನೀರು ಬೇಡಕ್ಕಾ!" ಎಂದು ಕಿರುಚಿದೆ. ಶಿಕ್ಷಕರ ತರಬೇತಿಯಲ್ಲಿ ಗೊಂಬೆಯೊಂದನ್ನು ಇಟ್ಟುಕೊಂಡು, ಗಂಟಲಿಗೆ ಸಿಕ್ಕಿದ್ದನ್ನು ಹೊರಹಾಕಿಸುವುದು ಹೇಗೆಂದು ತೋರಿಸಿದ್ದರು. ಆಗ ನಾವೆಲ್ಲ ಕಿಸಕ್ಕನೆ ನಕ್ಕಿದ್ದೆವು. ಮಗುವನ್ನು ತೊಡೆಯ ಮೇಲೆ ಬೋರಲು ಹಾಕಿ, ತಲೆ ಕೆಳಗೆ ಮಾಡಿ, ಬೆನ್ನಿನ ನಡುವೆ ಅಂಗೈಯಿಂದ ಗುದ್ದಿದೆ. ಏನೂ ಆಗಲಿಲ್ಲ. ಮತ್ತೆ ಗುದ್ದಿದೆ. ಅವಳ ಕೈ ಸಡಿಲವಾಗಿ ಜೋತುಬಿತ್ತು. ಈ ಮಗು ನನ್ನ ತೊಡೆಯ ಮೇಲೆಯೇ ಹೋಗಿಬಿಡುತ್ತದೆ ಎಂದುಕೊಂಡೆ. ಇನ್ನೊಂದು ಸಲ, ಇದ್ದ ಶಕ್ತಿಯನ್ನೆಲ್ಲ ಹಾಕಿ ಗುದ್ದಿದೆ.

ಟಪ್ ಎಂದು ಕಾಳು ನೆಲಕ್ಕೆ ಬಿತ್ತು. ಆಮೇಲೆ ಲಿಖಿತ ಕಿಟಾರನೆ ಅತ್ತಳು. ಅಷ್ಟು ಚೆಂದದ ಅಳು ನಾನು ಯಾವತ್ತೂ ಕೇಳಿಲ್ಲ.

ಆಟೋದಲ್ಲಿ ಆಸ್ಪತ್ರೆಗೆ ಓಡಿದೆವು. ಡಾಕ್ಟರ್ ಎದೆಗೆ ಸ್ಟೆತಸ್ಕೋಪ್ ಇಟ್ಟು ತುಂಬಾ ಹೊತ್ತು ಕೇಳಿ, "ಪರವಾಗಿಲ್ಲ, ಕೆಮ್ಮು ಜ್ವರ ಬಂದ್ರೆ ತಕ್ಷಣ ಕರ್ಕೊಂಬನ್ನಿ" ಎಂದರು. ಅಷ್ಟರಲ್ಲಿ ಅವಳ ಅಮ್ಮ ರೇಷ್ಮೆ ನೂಲು ತೆಗೆಯುವ ಕೆಲಸ ಬಿಟ್ಟು ಬಂದರು, ಗೂಡು ಬೇಯಿಸಿದ ನೀರಿನಿಂದ ಕೈ ಇನ್ನೂ ಒದ್ದೆ. ಮಗಳನ್ನು ಅಪ್ಪಿಕೊಂಡು ನನ್ನ ಕಡೆ ನೋಡಿದರು. ಹೊಡೆದರೂ ಹೊಡೆಯಲಿ ಎಂದು ನಿಂತೆ.

"ಮನೇಲಿ ನಮ್ಮತ್ತೇನೂ ಇವ್ಳಿಗೆ ಕಾಳು ಹಿದುಕಕ್ಕೆ ಕೊಡ್ತಾರೆ ಮಿಸ್," ಎಂದರು ಮೆಲ್ಲಗೆ. "ಆದ್ರೆ ಮಡಿಲಲ್ಲಿ ಕೂರಿಸ್ಕೊಂಡು ಕೊಡ್ತಾರೆ."

ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. ಮನೆಯ ಕೆಲಸವನ್ನು ಶಾಲೆಗೆ ತಂದಿದ್ದೆ, ಮಡಿಲನ್ನು ತಂದಿರಲಿಲ್ಲ.

ಪಾಠವನ್ನು ನಾನು ಕೈಬಿಡಲಿಲ್ಲ. ಈ ವರ್ಷ ಅಜ್ಜಿಯರನ್ನು ಶಾಲೆಗೆ ಕರೆಸಿದೆ. ಒಬ್ಬೊಬ್ಬ ಅಜ್ಜಿಯ ಪಕ್ಕ ಇಬ್ಬಿಬ್ಬರೇ ಮಕ್ಕಳು. ಯುಕೆಜಿಗೆ ಹೋಗಿದ್ದ ಲಿಖಿತಳೂ ಬಂದು ಕೂತು ಹಿದುಕಿದಳು. ಹೆಡ್‌ಮಾಸ್ಟರ್ ಕೂಡ ಬಂದು ಒಂದು ಹಿಡಿ ಹಿದುಕಿ ಹೋದರು.

ಆದರೆ ಭಯ ನನ್ನನ್ನು ಬಿಟ್ಟಿಲ್ಲ. ಮಕ್ಕಳು ಎಷ್ಟು ಗಲಾಟೆ ಮಾಡಿದರೂ ನನಗೆ ನೆಮ್ಮದಿ. ಒಂದು ಮಗು ಸುಮ್ಮನಾದರೆ ಸಾಕು, ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಹತ್ತಿರ ಹೋಗುತ್ತೇನೆ. "ಏನ್ ಪುಟ್ಟಾ, ಏನಾದ್ರೂ ಮಾತಾಡು" ಎನ್ನುತ್ತೇನೆ. ಅದು ಬಾಯಿಬಿಟ್ಟು "ಏನಿಲ್ಲ ಮಿಸ್" ಎಂದ ಮೇಲೆಯೇ ನನಗೆ ಉಸಿರು ಬರುವುದು.