ಲೂಕನ ಹೆಸರಿಗೊಂದು ಪೂಜೆ

ಲಂಡನ್ ಅಂಚಿನ ಪಿನ್ನರ್‌ನಲ್ಲಿ ಆ ಮುದುಕರನ್ನು ಎಲ್ಲರೂ ಕಮಾಂಡರ್ ಎಂದೇ ಕರೆಯುತ್ತಿದ್ದರು. ಕೆರ್ಮಾರೆಕ್ ಎಂಬ ಫ್ರೆಂಚ್ ಹೆಸರಿಗೆ ಯಾರ ನಾಲಿಗೆಯೂ ಹೊರಳುತ್ತಿರಲಿಲ್ಲ. ಹತ್ತಿರದ ಹೇಸ್‌ನಿಂದ ದಿನಾ ಬಂದು ಅವರಿಗೆ ಸ್ನಾನ ಮಾಡಿಸಿ ಉಣ್ಣಿಸುತ್ತಿದ್ದವಳು ಉಡುಪಿ ಕಡೆಯ ರೋಜ್. ಬೇಕೆಂದಾಗ ಗದರಿಸುತ್ತಲೂ ಇದ್ದಳು.

ಸಾವಿರದ ಒಂಬೈನೂರ ನಲವತ್ತರಲ್ಲಿ ಫ್ರಾನ್ಸ್ ಜರ್ಮನರಿಗೆ ಶರಣಾದಾಗ ಕಮಾಂಡರ್ ತಮ್ಮ ಪುಟ್ಟ ಯುದ್ಧನೌಕೆಯನ್ನು ಇಂಗ್ಲೆಂಡಿಗೆ ತಂದುಬಿಟ್ಟರು. ಅದೇ ನೌಕಾಪಡೆಯಲ್ಲಿದ್ದ ಅವರ ತಮ್ಮ ಲೂಕ್ ತನ್ನ ಹಡಗು ಬಿಟ್ಟು ಬರಲಿಲ್ಲ. ಎರಡೇ ವಾರದಲ್ಲಿ, ಜರ್ಮನರ ಕೈಗೆ ಸಿಗಬಾರದೆಂದು ಇಂಗ್ಲಿಷರು ಫ್ರೆಂಚ್ ಹಡಗುಗಳ ಮೇಲೆಯೇ ಗುಂಡು ಸುರಿಸಿದರು. ಲೂಕನ ಕಾಲು ಹೋಯಿತು. ಅಣ್ಣ ಮಾತ್ರ ಅದೇ ಇಂಗ್ಲಿಷರ ಜೊತೆ ಐದು ವರ್ಷ ಅಟ್ಲಾಂಟಿಕ್‌ನಲ್ಲಿ ಕಾದಾಡಿ, ಪದಕ ಪಡೆದು, ಲಂಡನ್‌ನಲ್ಲೇ ಉಳಿದರು. ಅಲ್ಲಿಗೆ ಅಣ್ಣತಮ್ಮಂದಿರ ಮಾತು ನಿಂತಿತು. ವರ್ಷಕ್ಕೊಮ್ಮೆ ಅಣ್ಣ ಫ್ರಾನ್ಸಿನಲ್ಲಿದ್ದ ತಮ್ಮನಿಗೆ ಬರೆದ ಕಾಗದ ಹತ್ತು ದಿನದಲ್ಲಿ ಒಡೆಯದೆ ವಾಪಸು ಬರುತ್ತಿತ್ತು.

"ಒಂದು ಸಲ ಅವನ ಕೈ ಹಿಡಿಯಬೇಕು ರೋಜ್. ಇನ್ನೇನೂ ಬೇಡ," ಎನ್ನುತ್ತಿದ್ದರು.

ಸಾವಿರದ ಒಂಬೈನೂರ ತೊಂಬತ್ತೇಳರಲ್ಲಿ ಕಾಗದ ವಾಪಸು ಬರಲಿಲ್ಲ. ಎರಡು ತಿಂಗಳಾಯಿತು. ವಾಪಸು ಕಳಿಸುವವನೇ ಹೋಗಿರಬೇಕು ಎಂದುಕೊಂಡ ರೋಜ್ ಮುದುಕರಿಗೆ ಹೇಳಲಾರದೆ ಒಳಗೇ ಅತ್ತಳು. ಸತ್ತವರ ಆತ್ಮಗಳಿಗೆ ಪೂಜೆ ಮಾಡಿಸುವ ನವೆಂಬರಿನಲ್ಲಿ, ತನ್ನ ಕಡೆಯ ಸತ್ತವರ ಪಟ್ಟಿಯನ್ನು ಚರ್ಚಿಗೆ ಕೊಡುವಾಗ ಲೂಕನ ಹೆಸರನ್ನೂ ಸೇರಿಸಿದಳು. ಅವನ ಆತ್ಮಕ್ಕೆ ಪೂಜೆಯಾಯಿತೆಂದು ಪಾದ್ರಿಗಳು ಸಹಿ ಹಾಕಿಕೊಟ್ಟ ಕಾರ್ಡನ್ನು ಕಮಾಂಡರ್ ಹೆಸರಿನಲ್ಲಿ ಲೂಕನ ಮನೆಯವರಿಗೆ ಅಂಚೆಯಲ್ಲಿ ಕಳಿಸಿದಳು. ಸಾವಿನ ಮನೆಗೆ ಅಷ್ಟಾದರೂ ಮಾಡದಿದ್ದರೆ ಹೇಗೆ?

ಡಿಸೆಂಬರಿನಲ್ಲಿ ಮುದುಕರ ಮನೆಗೆ ಬಂದ ಫೋನನ್ನು ರೋಜ್ ಎತ್ತಿದಳು. ಲೂಕನ ಮಗಳು.

"ಈ ಸಲ ಅಪ್ಪ ಕಾಗದ ಒಡೆದು ಓದಿದ್ದರು. ಕ್ರಿಸ್‌ಮಸ್‌ಗೆ ಬರಲು ಟಿಕೆಟ್ ಕೂಡ ತೆಗೆಸಿದ್ದರು. ಅಷ್ಟರಲ್ಲಿ ನಿಮ್ಮ ಕಾರ್ಡು ಬಂತು. 'ಅಣ್ಣ ನನ್ನನ್ನು ಆಗಲೇ ಹೂತುಬಿಟ್ಟ' ಅಂತ ಟಿಕೆಟ್ ಹರಿದು ಹಾಕಿದರು."

ತಪ್ಪು ನನ್ನದು ಎಂದು ರೋಜ್ ತೊದಲುವಷ್ಟರಲ್ಲಿ ಫೋನ್ ಕಟ್ಟಾಯಿತು.

"ಒಂದು ಮಾತು ಕೇಳ್ಲಿಕ್ಕೆ ಎಂತ ಆಗಿತ್ತು ಮಾರಾಯ್ತಿ ನಿಂಗೆ!" ಎಂದು ಆ ರಾತ್ರಿ ಮನೆಯಲ್ಲಿ ಅವಳ ಗಂಡ ಆರ್ಥರ್ ತಲೆ ಚಚ್ಚಿಕೊಂಡ. ಕ್ಷಮೆ ಕೇಳಿ ಅವಳು ಬರೆದ ಮೂರು ಕಾಗದಗಳೂ ಒಡೆಯದೆ ವಾಪಸು ಬಂದವು.

ಕಮಾಂಡರಿಗೆ ಹೇಳುವ ಧೈರ್ಯ ಅವಳಿಗೆ ಬರಲೇ ಇಲ್ಲ. "ಈ ವರ್ಷ ಕಾಗದ ವಾಪಸು ಬಂದಿಲ್ಲ, ನೋಡಿದೆಯಾ? ಅವನು ಬರುತ್ತಾನೆ," ಎಂದು ಮುದುಕರು ದಿನಾ ಗಡ್ಡ ಬೋಳಿಸಿಕೊಂಡು, ನೌಕಾಪಡೆಯ ಕೋಟು ತೊಟ್ಟು ಬಾಗಿಲ ಕಡೆ ಮುಖ ಮಾಡಿ ಕೂರುತ್ತಿದ್ದರು. ಕೋಟಿನ ಗುಂಡಿಗಳನ್ನು ರೋಜ್ ಒಂದೊಂದಾಗಿ ಹಾಕಿಕೊಡುತ್ತಿದ್ದಳು. ಫೆಬ್ರವರಿಯಲ್ಲಿ ಮುದುಕರು ಆ ಕೋಟಿನಲ್ಲೇ ತೀರಿಹೋದರು.

ಮುಂದಿನ ನವೆಂಬರಿನಲ್ಲಿ ಅವಳು ಮತ್ತೆ ಪಟ್ಟಿ ಬರೆಯಲು ಕೂತಳು. ಅಪ್ಪ, ಅಮ್ಮ, ಅತ್ತೆ, ಕಮಾಂಡರ್. ಲೂಕ್ ಇದ್ದಾನೋ ಇಲ್ಲವೋ, ಹೇಳುವವರು ಯಾರೂ ಇರಲಿಲ್ಲ. ಆ ಹೆಸರು ಬಿಟ್ಟು ಲಕೋಟೆ ಅಂಟಿಸಿದಳು.